ಗರ್ಭದ ಕೂಸಿಗೆ ತಾಯಿಯಷ್ಟೇ ಹಕ್ಕು ಇರಬೇಕೆ?

ಬೆಳಗಾವಿಯ ಮಗಳು, ಹಾವೇರಿಯ ಸೊಸೆ ಸವಿತಾ ಹಾಲಪ್ಪನವರ್ ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿ 2012ರ ಅಕ್ಟೋಬರ್ 28ರಂದು ತೀರಿಕೊಂಡರು. ದಂತವೈದ್ಯೆ, ವಯಸ್ಸು 31, ಹದಿನೇಳು ವಾರದ ಬಸುರಿ. ಗರ್ಭ ಉಳಿಯುವುದಿಲ್ಲವೆಂದು ವೈದ್ಯರೇ ಹೇಳಿದ್ದರು. ಹಾಗಾದರೆ ತೆಗೆದುಬಿಡಿ ಎಂದು ಆಕೆ ಕೇಳಿಕೊಂಡಾಗ, ಕೂಸಿನ ಎದೆಬಡಿತ ಇನ್ನೂ ಇದೆಯೆಂದು ಒಪ್ಪಲಿಲ್ಲ. 1983ರ ಎಂಟನೇ ತಿದ್ದುಪಡಿಯಿಂದ ಆ ದೇಶದ ಸಂವಿಧಾನವು ಹುಟ್ಟದ ಶಿಶುವಿಗೂ ತಾಯಿಗೂ ಬದುಕುವ ಸಮಾನ ಹಕ್ಕು ಕೊಟ್ಟಿತ್ತು. ಸತ್ತವಳು ನಮ್ಮ ಜಿಲ್ಲೆಯ ಸೊಸೆ. ದುಂಡಸಿ, ಶಿಗ್ಗಾವಿ, ಹಾನಗಲ್ಲಿನವರಿಗೆ ಇದು ಕಡಲಾಚೆಯ ಮಾತಲ್ಲ. ಅಂಥ ಹಕ್ಕು ನಮ್ಮ ಕಾನೂನಿನಲ್ಲೂ ಬರಬೇಕೆ?

ಪರ

ಕುಬುಸ ಮಾಡಿ ಬಸುರಿಯ ಮಡಿಲು ತುಂಬುವ ನಮ್ಮ ಮನೆಗಳಲ್ಲಿ ಹೊಟ್ಟೆಯ ಕೂಸು ಆಗಲೇ ಮನೆಯ ಮಂದಿಯಲ್ಲೊಂದು. ಕಾನೂನೂ ಅದನ್ನು ಎಣಿಕೆಗೆ ತೆಗೆದುಕೊಂಡಿದೆ. ತಂದೆ ಸತ್ತಾಗ ಗರ್ಭದಲ್ಲಿದ್ದ ಕೂಸು ಆಮೇಲೆ ಜೀವಂತ ಹುಟ್ಟಿದರೆ ಅದಕ್ಕೂ ಆಸ್ತಿಯಲ್ಲಿ ಪಾಲುಂಟು ಎನ್ನುತ್ತದೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೇ ಕಲಂ. ಹೊಲದ ಪಾಲು ಕಾದಿಟ್ಟ ಕಾನೂನು ಜೀವವನ್ನೇ ಕಾಯದಿದ್ದರೆ ಹೇಗೆ?

2022ರ ಜೂನ್‌ನಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿಯ ಹಳ್ಳದಲ್ಲಿ ಡಬ್ಬಿಗಳಲ್ಲಿ ತುಂಬಿ ಎಸೆದ ಏಳು ಭ್ರೂಣಗಳು ಸಿಕ್ಕವು. ಮರುವರ್ಷ ಮಂಡ್ಯ ಕಡೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡಿ ಹೆಣ್ಣೋ ಗಂಡೋ ಹೇಳುತ್ತಿದ್ದ ಜಾಲ ಬಯಲಾಯಿತು. ಹೆಣ್ಣೆಂದು ಗೊತ್ತಾದ ಕೂಡಲೇ ಮುಗಿಸಿಬಿಡುವ ಆ ಕೂಸುಗಳ ಪರ ನಿಂತು ಕೇಳುವವರು ಯಾರು?

ಸವಿತಾ ಸತ್ತದ್ದು ನಂಜು ರಕ್ತಕ್ಕೇರಿ. ಆಕೆಯ ಸ್ಥಿತಿ ಸುಧಾರಿಸಬಹುದಾಗಿದ್ದ 13 ಅವಕಾಶಗಳನ್ನು ಆಸ್ಪತ್ರೆ ಕೈಬಿಟ್ಟಿತೆಂದು ಅಲ್ಲಿನ ಆರೋಗ್ಯ ಗುಣಮಟ್ಟ ಪ್ರಾಧಿಕಾರ 2013ರಲ್ಲಿ ವರದಿ ಕೊಟ್ಟಿತು. ಆರೈಕೆಯ ತಪ್ಪಿಗೆ ಕೂಸಿನ ಹಕ್ಕನ್ನು ದೂರುವುದು ಸರಿಯಲ್ಲ.

ವಿರೋಧ

ಆರೈಕೆ ತಪ್ಪಿತು, ನಿಜ. ಆದರೆ ಅಕ್ಟೋಬರ್ 22, 23ರ ಹೊತ್ತಿಗೇ ಗರ್ಭ ತೆಗೆದಿದ್ದರೆ ಆಕೆ ಬಹುಶಃ ಬದುಕುತ್ತಿದ್ದಳು, ಆಗ ಕಾನೂನು ಬಿಡುತ್ತಿರಲಿಲ್ಲ, ಕಾನೂನು ಬಿಡುವ ಹೊತ್ತಿಗೆ ತಡವಾಗಿತ್ತು ಎಂದು ಪ್ರಸೂತಿ ತಜ್ಞ ಪೀಟರ್ ಬಾಯ್ಲನ್ ಮರಣ ವಿಚಾರಣೆಯಲ್ಲಿ ಸಾಕ್ಷ್ಯ ನುಡಿದರು. ಸಮಾನ ಹಕ್ಕೆಂದರೆ ನಡೆಯುವುದು ಇಷ್ಟೇ: ಸಾಯುವುದು ಖಚಿತವಾಗಿದ್ದ ಕೂಸಿಗಾಗಿ ಉಳಿಸಬಹುದಾಗಿದ್ದ ತಾಯಿಯನ್ನು ಕಾಯಿಸಿದರು. ಕೂಸೂ ಉಳಿಯಲಿಲ್ಲ. 2018ರಲ್ಲಿ ಸವಿತಾರ ತಂದೆ ಅಂದಾನಪ್ಪ ಯಾಳಗಿ ಎಂಟನೇ ತಿದ್ದುಪಡಿ ತೆಗೆಯಿರೆಂದು ಬೆಳಗಾವಿಯಿಂದಲೇ ಐರಿಷ್ ಮತದಾರರನ್ನು ಬೇಡಿಕೊಂಡರು. ಮೇ 25ರ ಜನಮತದಲ್ಲಿ ಶೇ. 66.4 ಮಂದಿ ಆ ತಿದ್ದುಪಡಿಯನ್ನು ಕಿತ್ತುಹಾಕಲು ಒಪ್ಪಿದರು. ನಡೆಸಿ ನೋಡಿ ಕೈಬಿಟ್ಟವರ ಕಾನೂನನ್ನು ನಾವು ಹೊತ್ತು ತರಬೇಕಿಲ್ಲ ಎಂಬುದು ನನ್ನ ಖಚಿತ ನಿಲುವು.

ಆಸ್ತಿಯ ಪಾಲು ಕೈಗೆ ಬರುವುದೂ ಕೂಸು ಜೀವಂತ ಹುಟ್ಟಿದ ಮೇಲೆಯೇ. ಅದು ತಾಯಿಯ ಜೀವಕ್ಕೆ ಎದುರು ನಿಲ್ಲುವ ಹಕ್ಕಲ್ಲ. ಹೆಣ್ಣುಭ್ರೂಣ ಹತ್ಯೆಗೆ 1994ರ ಲಿಂಗಪತ್ತೆ ನಿಷೇಧ ಕಾಯ್ದೆ ಇದೆ. ಗಂಡನೋ ನೆಂಟರೋ ಒತ್ತಾಯಿಸಿದ್ದಾರೆಂದೇ ಮೊದಲು ಭಾವಿಸಬೇಕು ಎಂದು ಅದರ 24ನೇ ಕಲಂ ಹೇಳುತ್ತದೆ. ಆಲೆಮನೆಗೆ ಕರೆದೊಯ್ದವರನ್ನು ಹಿಡಿಯಲು ಆ ಕಾಯ್ದೆ ಸಾಕು, ಹಿಡಿಯುವವರು ಬೇಕು.

ಕಷ್ಟದ ಪ್ರಶ್ನೆ ಇರುವುದು ಕೊನೆಯ ತಿಂಗಳುಗಳಲ್ಲಿ. 2023ರಲ್ಲಿ ಎರಡು ಮಕ್ಕಳ ತಾಯಿಯೊಬ್ಬಳು 26 ವಾರದ ಗರ್ಭ ತೆಗೆಸಲು ಸುಪ್ರೀಂ ಕೋರ್ಟಿಗೆ ಹೋದಳು. ಹಿಂದಿನ ಹೆರಿಗೆಯಾದ ಮೇಲೆ ಆಕೆಯ ಮನಸ್ಸು ಕೆಟ್ಟಿತ್ತು. ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನಾಭಿಪ್ರಾಯ ಬಂತು. ತಾಯಿಯ ನಿರ್ಧಾರವನ್ನು ಗೌರವಿಸಬೇಕೆಂದವರು ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ. ಅಕ್ಟೋಬರ್ 16ರಂದು ಮೂವರ ಪೀಠ ಅನುಮತಿ ನಿರಾಕರಿಸಿತು. ಆ ತೀರ್ಪು ನನಗೆ ಕಠಿಣವೆನಿಸುತ್ತದೆ. ಆದರೂ ಒಂದು ಮಾತು ಒಪ್ಪಬೇಕು: ಕೂಸಿಗೆ ಪ್ರತ್ಯೇಕ ಹಕ್ಕು ಬರೆಯದೆಯೇ ನಮ್ಮ ಕಾಯ್ದೆ ಅದನ್ನೂ ಲೆಕ್ಕಕ್ಕೆ ತಂದುಕೊಂಡಿದೆ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ಬಂದ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 24ರವರೆಗೆ, ಅದೂ ಕೆಲವು ವರ್ಗದ ಹೆಂಗಸರಿಗೆ ಮಾತ್ರ, ಇಬ್ಬರದು ಬೇಕು. ಆಮೇಲೆ ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ ನಿರ್ಧರಿಸುತ್ತದೆ. ತಾಯಿಯ ಜೀವ ಉಳಿಸಲು ತುರ್ತಾಗಿ ಬೇಕಾದರೆ ವಾರದ ಮಿತಿಯೇ ಇಲ್ಲ.

ಹಳ್ಳಿಯ ಹೆಂಗಸಿಗೆ ವಾರಗಳು ಕಳೆಯುವುದೇ ಗೊತ್ತಾಗುವುದಿಲ್ಲ. ದುಂಡಸಿಯಿಂದ ಶಿಗ್ಗಾವಿ, ಅಲ್ಲಿಂದ ಹುಬ್ಬಳ್ಳಿ, ಖರ್ಚಿಗೆ ದುಡ್ಡು, ಜೊತೆಗೊಬ್ಬರು. ಇದರ ಮೇಲೆ ಕೂಸಿನ ಹಕ್ಕಿನ ಮೊಕದ್ದಮೆಯ ಹೆದರಿಕೆಯೂ ಸೇರಿದರೆ ವೈದ್ಯರು ಕೈಹಾಕಲಾರರು, ಆಕೆ ಕದ್ದು ಮಾಡುವವರ ಪಾಲಾಗುತ್ತಾಳೆ. ಅದನ್ನು ತಪ್ಪಿಸಲೆಂದೇ 1971ರ ಕಾಯ್ದೆ ಬಂದದ್ದು. ವಯಸ್ಸಿಗೆ ಬಂದ ಹೆಣ್ಣಾದರೆ ಅದು ಕೇಳುವುದು ಆಕೆಯೊಬ್ಬಳ ಒಪ್ಪಿಗೆಯನ್ನು. ಗಂಡನ ಸಹಿ ಬೇಕೆಂದು ಯಾರಾದರೂ ಹಿಂದಕ್ಕೆ ಕಳಿಸಿದರೆ ಕಾಯ್ದೆಯಲ್ಲಿ ಹಾಗಿಲ್ಲವೆಂದು ಆಕೆ ಹೇಳಬಹುದು.