ಥರ್ಮೋಕೋಲಿಗೆ ಬಹುಮಾನ, ಅಳತೆಗೆ ಅವಮಾನ!



ಈ ಸಲದ ಮಾತು ಕೆಲವರಿಗೆ ಖಾರ ಎನಿಸಬಹುದು. ಆದರೆ ಈ ತಪ್ಪಿನಲ್ಲಿ ನಾವೂ ಪಾಲುದಾರರು. ಹಾಗಾಗಿ ಮೊದಲ ಏಟು ನಮಗೇ ಬೀಳಲಿ.

ಕೆಲವು ವರ್ಷಗಳ ಹಿಂದೆ ಒಂದು ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಶಾಲೆಯ ಹುಡುಗನೊಬ್ಬ ಮಣ್ಣಿನ ಮನೆಯ ಮಾದರಿ ತಂದಿದ್ದ. ಪಕ್ಕದಲ್ಲಿ ಪೇಟೆಯಿಂದ ಕೊಂಡು ತಂದ ಥರ್ಮೋಕೋಲಿನ 'ಆದರ್ಶ ಗ್ರಾಮ'. ಅದರಲ್ಲಿ ಮನೆಗಿಂತ ಎತ್ತರದ ಹಸು, ಹಸುವಿಗಿಂತ ಎತ್ತರದ ಕಾರು! ಬಹುಮಾನ ಯಾವುದಕ್ಕೆ ಬಂತೆಂದು ಹೇಳಬೇಕೆ? ನಮ್ಮ ಹುಡುಗನಿಗೆ ಸಿಕ್ಕಿದ್ದು ಒಂದೇ ಪ್ರಶ್ನೆ: "ಇದರಲ್ಲಿ ವಿಜ್ಞಾನ ಎಲ್ಲಿದೆ?" ಆ ದಿನ ನಾವು ಬಾಯಿ ಬಿಡಲಿಲ್ಲ. ಮಗು ನಮ್ಮ ಮುಖ ನೋಡಿತು, ನಾವು ನೆಲ ನೋಡಿದೆವು. ಅಂದು ಕೊಡದ ಉತ್ತರವನ್ನು ಇಂದು ಬರೆಯುತ್ತಿದ್ದೇವೆ.

ಆ ಹುಡುಗನಿಗೆ ಕೈ ಹಿಡಿದು ಕಲಿಸಿದವರು ನಮ್ಮ ಊರ ಕಡೆಯ ಒಬ್ಬ ಬಡಿಗ ಅಜ್ಜ. ಹೊಟ್ಟೆಪಾಡಿಗೆ ಬಾಗಿಲು, ಕುಂಟೆ, ನೇಗಿಲು. ಉಳಿದ ಹೊತ್ತಿನಲ್ಲಿ ಜೀವಮಾನವಿಡೀ ಮಾದರಿ ಕಟ್ಟುವುದೇ ಅವರ ಹುಚ್ಚು. ಬಂಡಿ, ಮೊಟ್ಟಿನ ಬಾವಿ, 1993ರಲ್ಲಿ ಬಿದ್ದುಹೋದ ಹಳೆಯ ಮನೆಗಳು. ಎಲ್ಲಕ್ಕೂ ಒಂದೇ ಲೆಕ್ಕ, ಎರಡು ಅಡಿಗೆ ಒಂದು ಇಂಚು. ಅಂದರೆ 1:24. ಎರಡು ಅಡಿ ದಪ್ಪದ ಗೋಡೆ ಒಂದು ಇಂಚು, ಎಂಟು ಅಡಿಯ ಕಂಬ ನಾಲ್ಕು ಇಂಚು. ಐದೂವರೆ ಅಡಿಯ ಮನುಷ್ಯನನ್ನು ಬಾಗಿಲಲ್ಲಿ ನಿಲ್ಲಿಸಿದರೆ ಎರಡೂಮುಕ್ಕಾಲು ಇಂಚು. ಅಜ್ಜ ಹೇಳುತ್ತಿದ್ದರು: "ಮಾಸ್ತರ್ರ, ಅಳತಿ ತಪ್ಪಿದ್ರ ಅದು ಆಟಿಗಿ. ಅಳತಿ ಕೂಡಿದ್ರ ಅದು ಮನಿ."

ವಿಜ್ಞಾನ ಎಲ್ಲಿದೆ ಎಂದು ಕೇಳಿದಿರಲ್ಲವೇ? ಕೇಳಿ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಕೆಲವೇ ನಿಮಿಷ ಇದ್ದಾಗ, ಭೂಮಿ ನಡುಗಿತು. ಹಿಂದಿನ ರಾತ್ರಿ ಗಣಪತಿಯನ್ನು ಕಳಿಸಿ ಬಂದ ಜನ ಮಲಗಿದ್ದರು. ಕಿಲ್ಲಾರಿಯ ಹಾಗೆಯೇ ಸಾಸ್ತೂರವೂ ನೆಲಸಮವಾಯಿತು. ಲಾತೂರು ಮತ್ತು ಆಗಿನ ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸಾವಿರಾರು ಜನ ಸತ್ತರು. ಆಮೇಲೆ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟಬೇಕಾಯಿತು. ನಾವು ಆಗ ಶಾಲೆಗೆ ಹೋಗುವ ಹುಡುಗರು. ಜನರನ್ನು ಕೊಂದದ್ದು ಬರೀ ಭೂಕಂಪವಲ್ಲ, ಮನೆಯ ಗೋಡೆ. ಉರುಟು ಕಲ್ಲುಗಳನ್ನು ಮಣ್ಣಿನಲ್ಲಿ ಕೂರಿಸಿದ ದಪ್ಪ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ. ಎಷ್ಟೋ ಕಡೆ ಒಳಗಿನ ಮರದ ಕಂಬ ತೊಲೆಗಳು ನಿಂತೇ ಇದ್ದವು, ಕಲ್ಲುಗೋಡೆ ಮಾತ್ರ ಮಲಗಿದವರ ಮೇಲೆ ಬಿತ್ತು.

ಅಜ್ಜನ ಮಾದರಿಯಲ್ಲಿ ಗೋಡೆಯನ್ನು ಎತ್ತಿ ಪಕ್ಕಕ್ಕಿಡಬಹುದು. ಆಗಲೂ ಮಾಳಿಗೆ ಕಂಬಗಳ ಮೇಲೆ ನಿಂತಿರುತ್ತದೆ. ಭಾರ ಹೊತ್ತವರು ಯಾರು, ಬರೀ ಮರೆಯಾಗಿ ನಿಂತವರು ಯಾರು ಎಂಬುದು ಐದನೆಯ ತರಗತಿಯ ಮಗುವಿಗೂ ಕಣ್ಣಿಗೆ ಕಾಣುತ್ತದೆ. ತಟ್ಟೆಯ ಕೆಳಗೆ ಗೋಲಿ ಹಾಕಿ, ಒಂದೇ ಅಳತೆಯ ಎರಡು ಮನೆಗಳನ್ನು ಅದರ ಮೇಲಿಟ್ಟು ಅಲುಗಿಸಿ. ಒಂದಕ್ಕೆ ಬಾಗಿಲ ಮೇಲಿನ ಎತ್ತರದಲ್ಲಿ ನಾಲ್ಕೂ ಗೋಡೆ ಕಟ್ಟಿ ಹಿಡಿಯುವ ಪಟ್ಟಿ ಇರಲಿ, ಇನ್ನೊಂದಕ್ಕೆ ಬೇಡ. ಯಾವುದರ ಮೂಲೆ ಮೊದಲು ಬಾಯಿ ಬಿಡುತ್ತದೆ ಎಂದು ಮಕ್ಕಳೇ ಹೇಳುತ್ತಾರೆ.

ಇನ್ನೂ ಒಂದು ಪಾಠವಿದೆ. ಮಾದರಿಗಿಂತ ಮನೆ 24 ಪಟ್ಟು ದೊಡ್ಡದು. ಗೋಡೆಯ ಬುಡದ ವಿಸ್ತೀರ್ಣ 24ರ ವರ್ಗದಷ್ಟು, ಅಂದರೆ 576 ಪಟ್ಟು. ಭಾರ ಮಾತ್ರ 24ರ ಘನದಷ್ಟು, 13,824 ಪಟ್ಟು! ಬುಡದ ಪ್ರತಿ ಇಂಚಿನ ಮೇಲೆ 24 ಪಟ್ಟು ಹೆಚ್ಚು ಒತ್ತಡ. ಆದ್ದರಿಂದ ಮಾದರಿ ನಿಂತಿತೆಂದು ಮನೆ ನಿಲ್ಲುತ್ತದೆ ಎನ್ನಲಾಗದು. ಗಾತ್ರ ಬೆಳೆದಂತೆ ಬಲ ಹಿಂದೆ ಬೀಳುವ ಈ ನಿಯಮವನ್ನು ಗೆಲಿಲಿಯೋ 1638ರಲ್ಲೇ ಬರೆದಿಟ್ಟ. ಅನುಪಾತ, ವರ್ಗ, ಘನ ಮೂರನ್ನೂ ಒಂದೇ ಮಣ್ಣಿನ ಮನೆ ಕಲಿಸುತ್ತದೆ. ಕಾರಿಗಿಂತ ಗಿಡ್ಡವಾದ ಥರ್ಮೋಕೋಲ್ ಮನೆ ಏನು ಕಲಿಸುತ್ತದೆ, ನೀವೇ ಹೇಳಿ.

ಇಷ್ಟು ವಿಜ್ಞಾನದ ಮಾತಾಯಿತು. ಇನ್ನು ಕನ್ನಡದ ಮಾತು. ಅಂಕಣ, ತೊಲೆ, ಜಂತಿ, ಪಡಸಾಲೆ, ಬೆಳಕಿಂಡಿ, ಹಗೇವು... ನಿಮ್ಮ ತರಗತಿಯಲ್ಲಿ ಎಷ್ಟು ಮಕ್ಕಳಿಗೆ ಇವು ಗೊತ್ತು? ಮರಾಠಿಯವರು ಖಣ ಎಂದದ್ದನ್ನು ನಮ್ಮ ಹಿರಿಯರು ಅಂಕಣ ಎಂದರು. ಎರಡು ಭಾಷೆಯವರೂ ಒಂದೇ ಮನೆಯಲ್ಲಿ ಬಾಳಿದವರು. ಆ ಮನೆಗಳು ಬಿದ್ದವು, ಹೊಸ ಮನೆಗಳಲ್ಲಿ ಜಂತಿ ಇಲ್ಲ. ವಸ್ತುವೇ ಹೋದ ಮೇಲೆ ಪದ ಎಲ್ಲಿ ವಾಸ ಮಾಡಬೇಕು? ಕೈಯಿಂದ ನಾಲ್ಕು ಇಂಚಿನ ಕಂಬ ನಿಲ್ಲಿಸಿ ಮೇಲೆ ಜಂತಿ ಹಾಕಿದ ಮಗು ಆ ಪದವನ್ನು ಮರೆಯುವುದಿಲ್ಲ. ಗಡಿಯಲ್ಲಿ ಕನ್ನಡ ಉಳಿಸಬೇಕೆಂದು ವೇದಿಕೆಯಲ್ಲಿ ಗುಡುಗುವವರು ಈ ಮಾತನ್ನು ಸ್ವಲ್ಪ ಕಿವಿಗೆ ಹಾಕಿಕೊಳ್ಳಬೇಕು.

ಅಜ್ಜನಿಗೆ ನಾವು ಮಾಡಿದ ಅನ್ಯಾಯ ಇನ್ನೊಂದು. ಅಷ್ಟು ವರ್ಷ ಅವರನ್ನು ಒಂಟಿಯಾಗಿ ಬಿಟ್ಟೆವು. ಮನೆಯವರು "ಕೆಲಸಿಲ್ಲದ ಕೆಲಸ" ಎಂದರು. ಊರವರು "ಎಷ್ಟಕ್ ಮಾರ್ತಿ?" ಎಂದರು. ನಾವು ಸಹ "ಚಂದ ಐತಿ ಅಜ್ಜಾ" ಎಂದು ದಾಟಿ ಹೋದೆವು. ಕೊನೆಗೆ ರಟ್ಟಿನಲ್ಲಿ ಕೆಂಪು ಎಸ್‌ಟಿ ಬಸ್ಸುಗಳನ್ನು ಕಟ್ಟುವ ನಾಲ್ಕಾರು ಹುಡುಗರು ಅವರನ್ನು ಹುಡುಕಿಕೊಂಡು ಬಂದರು. ಬಂದವರು ಬಂಡಿಯ ಗಾಲಿ ಮುಟ್ಟಿ ಕೇಳಿದ ಮೊದಲ ಮಾತು: "ಅಜ್ಜಾ, ಸ್ಕೇಲ್ ಎಷ್ಟ?" ಅಜ್ಜನ ಕಣ್ಣು ತುಂಬಿತು. ಜೀವಮಾನದಲ್ಲಿ ಯಾರೂ ಕೇಳದ ಪ್ರಶ್ನೆ ಅದು! ಅಂದಿನಿಂದ ಅವರ ಕಟ್ಟೆಯೇ ಒಂದು ಕೂಟ. ಹುಡುಗರು ಅಜ್ಜನಿಂದ ಕೀಲು ಕೂಡಿಸುವುದನ್ನು ಕಲಿತರು, ಅಜ್ಜ ಅವರಿಂದ ಫೋಟೋ ನೋಡಿ ಅಳತೆ ತೆಗೆಯುವುದನ್ನು ಕಲಿತರು. ಎಪ್ಪತ್ತು ದಾಟಿದ ಮೇಲೆ ತನ್ನಂಥವರು ಇದ್ದಾರೆಂದು ತಿಳಿಯುವುದು ಸಣ್ಣ ಸಂತೋಷವೇ? ಆದರೆ ಆ ಪ್ರಶ್ನೆಯನ್ನು ಮೊದಲು ಕೇಳಬೇಕಾದವರು ಶಿಕ್ಷಕರಾದ ನಾವಲ್ಲವೇ?

"ಸಮಯ ಎಲ್ಲಿದೆ, ಪಠ್ಯ ಮುಗಿಯಬೇಕು" ಎನ್ನುವಿರಿ. ಅನುಪಾತವೂ ಘನಫಲವೂ ಪಠ್ಯದಲ್ಲೇ ಇವೆಯಲ್ಲ. "ಮಣ್ಣಿನದು ಬಸ್ಸಿನಲ್ಲಿ ಒಡೆಯುತ್ತದೆ, ಥರ್ಮೋಕೋಲ್ ಹಗುರ" ಎನ್ನುವಿರಿ. ಅದು ನಿಜ, ಒಪ್ಪುತ್ತೇವೆ. ಹಾಗಾದರೆ ರಟ್ಟು ಬಳಸಿ, ಜೋಳದ ದಂಟು ಬಳಸಿ. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಥರ್ಮೋಕೋಲಿನ ತಟ್ಟೆ ಲೋಟಗಳನ್ನೇ ನಿಷೇಧಿಸಿತು. ಶಾಲೆಯಲ್ಲಿ ಅದಕ್ಕೆ ಹಾರ ಹಾಕುವುದೇಕೆ? ಕಸದಿಂದಲೇ ವಿಜ್ಞಾನದ ಆಟಿಕೆ ಮಾಡಿ ತೋರಿಸಿದ ಅರವಿಂದ ಗುಪ್ತಾ ಅವರು ವರ್ಷಗಟ್ಟಲೆ ದುಡಿದದ್ದು ಇದೇ ಮಹಾರಾಷ್ಟ್ರದ ಪುಣೆಯಲ್ಲಿ. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರ ಆಟಿಕೆಗಳಿಗೆ ಬೇಕಾದದ್ದು ಕಡ್ಡಿಪೆಟ್ಟಿಗೆ, ಸೈಕಲ್ ಟ್ಯೂಬಿನ ತುಂಡು.

ನಮ್ಮ ಮಕ್ಕಳಿಗೆ ಇದು ಹೊಸದೂ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವವರು ಅವರೇ, ದೀಪಾವಳಿಗೆ ಅಂಗಳದಲ್ಲಿ ಕಿಲ್ಲೆ ಕಟ್ಟುವವರೂ ಅವರೇ. ಈಗ ಎತ್ತೂ ಪೇಟೆಯದು, ಕಿಲ್ಲೆಯೂ ಪೇಟೆಯದು. ಶಾಲೆಯ ಮಾದರಿಯೂ ಪೇಟೆಯದಾದರೆ ಮಕ್ಕಳ ಕೈಗೆ ಉಳಿಯುವುದೇನು?

ನಮ್ಮ ಬೇಡಿಕೆ ಮೂರೇ. ಕೊಂಡು ತಂದ ಮಾದರಿಗೆ ಬಹುಮಾನ ಬೇಡ. ಪ್ರತಿ ಮಾದರಿಯ ಮೇಲೆ ಅಳತೆಯ ಪ್ರಮಾಣವನ್ನೂ ಭಾಗಗಳ ಕನ್ನಡ ಹೆಸರನ್ನೂ ಬರೆಯಲಿ. ಊರಿನಲ್ಲಿ ಇಂಥ ಅಜ್ಜ ಅಜ್ಜಿಯರು ಇದ್ದರೆ ತಿಂಗಳಿಗೊಮ್ಮೆ ಶಾಲೆಗೆ ಕರೆಯಿರಿ, ಕುರ್ಚಿ ಕೊಡಿ, ಮಕ್ಕಳನ್ನು ಸುತ್ತ ಕೂರಿಸಿ. ಹಳೆಯ ಸಾಸ್ತೂರದ ಓಣಿಗಳನ್ನು ಕಂಡ ಕಣ್ಣುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಅವು ಮುಚ್ಚಿದ ಮೇಲೆ ಯಾರನ್ನು ಕೇಳಿ ಅಳತೆ ತೆಗೆಯೋಣ?

ಅಂದು ಕೈ ಖಾಲಿ ಮರಳಿದ ಹುಡುಗ ತನ್ನ ಮಣ್ಣಿನ ಮನೆಯನ್ನು ಶಾಲೆಯಲ್ಲೇ ಬಿಟ್ಟುಹೋಗಿದ್ದಾನೆ. ಅದು ನಮ್ಮ ಕಪಾಟಿನಲ್ಲಿದೆ. ಮುಂದಿನ ಪ್ರದರ್ಶನಕ್ಕೆ ಅದನ್ನು ನಾವೇ ಹೊತ್ತು ತರುತ್ತೇವೆ. ಈ ಸಲ ಯಾರಾದರೂ "ವಿಜ್ಞಾನ ಎಲ್ಲಿದೆ?" ಎಂದು ಕೇಳಿದರೆ ನಾವು ನೆಲ ನೋಡುವುದಿಲ್ಲ.