ಅಗ್ಗದ ಪವರ್ ಟೂಲ್: ಉಳಿತಾಯವೋ, ನಷ್ಟವೋ?

ಕುರುಗೋಡು, ಸಿರುಗುಪ್ಪ ಹಾಗೂ ಬಳ್ಳಾರಿ ನಗರದ ಸಣ್ಣ ಕಾರ್ಯಾಗಾರಗಳಲ್ಲಿ ವಿದ್ಯುತ್ ಕೈಉಪಕರಣಗಳಿಲ್ಲದೆ ಒಂದು ದಿನದ ಕೆಲಸವೂ ಸಾಗದು. ಟ್ರ್ಯಾಕ್ಟರ್ ಟ್ರೇಲರ್, ಗದ್ದೆಗಿಳಿಯುವ ಕೇಜ್ ವೀಲ್, ಮನೆಯ ಗೇಟು-ಗ್ರಿಲ್ಲುಗಳನ್ನು ತಯಾರಿಸುವ ವೆಲ್ಡಿಂಗ್ ಶಾಪ್‌ಗಳಿಗೂ, ಅಕ್ಕಿ ಗಿರಣಿಗಳ ದುರಸ್ತಿ ಮಾಡುವವರಿಗೂ, ಬಡಗಿಗಳಿಗೂ, ಕಲ್ಲಿನ ಕೆಲಸದವರಿಗೂ ಗ್ರೈಂಡರ್, ಡ್ರಿಲ್ಲಿಂಗ್ ಮಷಿನ್, ಕಟಿಂಗ್ ಮಷಿನ್‌ಗಳೇ ಬಲಗೈ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಪದರ ಪದರವಾಗಿ ಹಾಸಿದ ಬಟ್ಟೆಯನ್ನು ಕತ್ತರಿಸುವ ಯಂತ್ರವೂ ಇದೇ ವರ್ಗಕ್ಕೆ ಸೇರಿದ್ದು. ಇಂದು ಬಾಷ್, ಮಕಿಟಾ, ಡಿವಾಲ್ಟ್, 2018ರವರೆಗೆ ಹಿಟಾಚಿ ಎಂದು ಪರಿಚಿತವಾಗಿದ್ದ ಹೈಕೋಕಿ ಮುಂತಾದ ಹೆಸರುಗಳ ಜೊತೆಯಲ್ಲೇ, ಅವುಗಳ ಅರ್ಧ ಬೆಲೆಗೆ ದೊರೆಯುವ ಹತ್ತಾರು ಹೆಸರುಗಳೂ ಮಾರುಕಟ್ಟೆಯಲ್ಲಿವೆ. ಅಗ್ಗದ್ದು ದುಬಾರಿಯದರಷ್ಟೇ ಬಾಳಿಕೆ ಬರುತ್ತದೆಯೇ ಎಂಬುದು ಕೊಳ್ಳುವವರ ಪ್ರಶ್ನೆಯೂ ಹೌದು, ಮಾರುವವರ ಪ್ರಶ್ನೆಯೂ ಹೌದು.

ಕಾಸಿಗೆ ತಕ್ಕ ಕಜ್ಜಾಯ ಎಂಬ ಗಾದೆ ಇಲ್ಲಿ ಅರ್ಧ ಮಾತ್ರ ಸತ್ಯ. ಉಪಕರಣದ ಬಾಳಿಕೆಯನ್ನು ನಿರ್ಧರಿಸುವುದು ಅದರ ಹೆಸರೊಂದೇ ಅಲ್ಲ. ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ, ಎಂಥ ವಿದ್ಯುತ್ತಿನಲ್ಲಿ ಓಡುತ್ತದೆ, ಕೆಟ್ಟರೆ ಎಷ್ಟು ಬೇಗ ದುರಸ್ತಿಯಾಗುತ್ತದೆ ಎಂಬ ಮೂರು ಸಂಗತಿಗಳನ್ನು ಬಿಟ್ಟು ಬೆಲೆಯನ್ನಷ್ಟೇ ಹೋಲಿಸುವುದು ವ್ಯಾಪಾರದ ಲೆಕ್ಕವಾಗಲಾರದು.

ಹೊರರೂಪ ಒಂದೇ, ಒಳಗಿನದು ಬೇರೆ

ಪಿಸ್ತೂಲಿನ ಹಿಡಿಕೆ ಹಾಗೂ ಬೆರಳಿನಿಂದ ಒತ್ತುವ ಸ್ವಿಚ್ ಇರುವ ಡ್ರಿಲ್ಲಿಂಗ್ ಮಷಿನ್‌ಗೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಸಂಸ್ಥೆ ಪೇಟೆಂಟ್ ಪಡೆದದ್ದು 1917ರಲ್ಲಿ. ಆ ರಚನೆ ಇಂದು ಯಾರ ಸ್ವತ್ತೂ ಅಲ್ಲ. ಆದ್ದರಿಂದ ಹೊರನೋಟಕ್ಕೆ ಎಲ್ಲ ಯಂತ್ರಗಳೂ ಒಂದೇ ತೆರನಾಗಿ ಕಾಣುತ್ತವೆ. ವ್ಯತ್ಯಾಸವಿರುವುದು ಆರ್ಮೇಚರ್, ಫೀಲ್ಡ್ ಕಾಯಿಲ್, ಬೇರಿಂಗ್, ಗೇರ್ ಮತ್ತು ಸ್ವಿಚ್‌ಗಳಲ್ಲಿ. ಕೆಲವು ಅಗ್ಗದ ಯಂತ್ರಗಳ ಸುರುಳಿಯಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಇರುತ್ತದೆ. ಅಲ್ಯೂಮಿನಿಯಂನ ವಾಹಕ ಗುಣ ತಾಮ್ರದ ಸುಮಾರು ಶೇ. 60ರಷ್ಟು ಮಾತ್ರ, ಅಷ್ಟೇ ದಪ್ಪದ ತಂತಿಯಲ್ಲಿ ಅಷ್ಟೇ ವಿದ್ಯುತ್ ಹರಿದರೆ ಹೆಚ್ಚು ಬಿಸಿಯಾಗುತ್ತದೆ. ಸುರುಳಿಯ ನಿರೋಧಕ ಲೇಪನ ತಾಳಿಕೊಳ್ಳಬಲ್ಲ ಉಷ್ಣತೆ ಹತ್ತು ಡಿಗ್ರಿಯಷ್ಟು ಮೀರಿದರೆ ಅದರ ಆಯುಷ್ಯ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ವಿದ್ಯುತ್ ಇಂಜಿನಿಯರುಗಳು ಬಹುಕಾಲದಿಂದ ಬಳಸುತ್ತಿರುವ ಸ್ಥೂಲ ಸೂತ್ರ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ ಸೀಮೆಯಲ್ಲಿ, ತಗಡಿನ ಸೂರಿನ ಕೆಳಗೆ ದುಡಿಯುವ ಯಂತ್ರಕ್ಕೆ ಈ ಸೂತ್ರ ಇನ್ನಷ್ಟು ಕಠಿಣವಾಗಿ ಅನ್ವಯಿಸುತ್ತದೆ.

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿದ ವ್ಯಾಟ್ ಸಂಖ್ಯೆಯನ್ನು ನೋಡಿ ಮೋಸಹೋಗುವವರು ಬಹಳ. ಆ ಸಂಖ್ಯೆ ಸಾಮಾನ್ಯವಾಗಿ ಯಂತ್ರವು ಎಳೆದುಕೊಳ್ಳುವ ವಿದ್ಯುತ್ತನ್ನು ಹೇಳುತ್ತದೆಯೇ ಹೊರತು ಅದು ಕೆಲಸಕ್ಕೆ ಕೊಡುವ ಶಕ್ತಿಯನ್ನಲ್ಲ. ಎಳೆದುಕೊಂಡದ್ದರಲ್ಲಿ ಕೆಲಸಕ್ಕೆ ಬಾರದ ಪಾಲು ಶಾಖವಾಗಿ ಯಂತ್ರದ ಒಳಗೇ ಉಳಿಯುತ್ತದೆ. ಉತ್ತಮ ತಯಾರಕರು ತಮ್ಮ ವಿವರಪಟ್ಟಿಯಲ್ಲಿ ಎರಡೂ ಸಂಖ್ಯೆಗಳನ್ನು ಕೊಡುವುದುಂಟು. ಒಂದೇ ಸಂಖ್ಯೆಯನ್ನು ಕೊಟ್ಟು ಸುಮ್ಮನಾಗುವ ಯಂತ್ರವನ್ನು ಆ ಸಂಖ್ಯೆಯ ಬಲದ ಮೇಲೆ ಕೊಳ್ಳುವುದು ವಿವೇಕವಲ್ಲ.

ಹಾಗೆಂದು ಅಗ್ಗದ್ದೆಲ್ಲವೂ ಕಳಪೆ ಎಂದು ತೀರ್ಮಾನಿಸುವುದೂ ತಪ್ಪು. ದೊಡ್ಡ ಸಂಸ್ಥೆಗಳೇ ಬೆಲೆಗೆ ತಕ್ಕ ದರ್ಜೆಗಳನ್ನು ಮಾಡಿಕೊಂಡಿವೆ. ಬಾಷ್ ಸಂಸ್ಥೆ ವೃತ್ತಿಪರರಿಗೆ ನೀಲಿ ಬಣ್ಣದ ಯಂತ್ರಗಳನ್ನೂ ಗೃಹಬಳಕೆಗೆ ಹಸಿರು ಬಣ್ಣದವನ್ನೂ ತಯಾರಿಸುತ್ತದೆ. ಡಿವಾಲ್ಟ್ ಹಾಗೂ ಬ್ಲ್ಯಾಕ್ ಅಂಡ್ ಡೆಕರ್ ಎರಡೂ ಒಂದೇ ಒಡೆತನದಲ್ಲಿದ್ದು, ಮೊದಲನೆಯದು ವೃತ್ತಿಗೆ, ಎರಡನೆಯದು ಪ್ರಧಾನವಾಗಿ ಮನೆಗೆ ಎಂಬ ವಿಂಗಡಣೆ ಇದೆ. ಗೃಹಬಳಕೆಯ ಯಂತ್ರವನ್ನು ಕಾರ್ಯಾಗಾರದಲ್ಲಿ ದಿನವಿಡೀ ದುಡಿಸಿದರೆ, ಅದರ ಮೇಲೆ ಎಷ್ಟೇ ಪ್ರಸಿದ್ಧ ಹೆಸರಿದ್ದರೂ ಅದು ಸುಟ್ಟುಹೋಗುವುದು ಸಹಜ.

ಗಂಟೆಯ ಲೆಕ್ಕ

ಲೆಕ್ಕದ ಅನುಕೂಲಕ್ಕಾಗಿ ಅಗ್ಗದ 4 ಇಂಚಿನ ಗ್ರೈಂಡರಿನ ಬೆಲೆ 1,500 ರೂಪಾಯಿ, ಹೆಸರಾಂತ ಸಂಸ್ಥೆಯದು 3,500 ರೂಪಾಯಿ ಎಂದು ಹಿಡಿಯಬಹುದು. ವ್ಯತ್ಯಾಸ 2,000 ರೂಪಾಯಿ. ವರ್ಷಕ್ಕೆ 300 ದಿನ, ದಿನಕ್ಕೆ ಮೂರು ಗಂಟೆ ಗ್ರೈಂಡರ್ ಓಡಿಸುವ ವೆಲ್ಡಿಂಗ್ ಶಾಪ್‌ನಲ್ಲಿ ಅದು 900 ಗಂಟೆಗಳ ದುಡಿಮೆ. ಒಂದೇ ವರ್ಷಕ್ಕೆ ಹಂಚಿದರೂ ಆ ಹೆಚ್ಚುವರಿ ಹಣ ಗಂಟೆಗೆ ಎರಡೂಕಾಲು ರೂಪಾಯಿಯಷ್ಟೂ ಆಗದು. ದಿನಕ್ಕೆ ಹತ್ತೇ ನಿಮಿಷ ಬಳಸುವವರಿಗಾದರೋ ವರ್ಷಕ್ಕೆ 50 ಗಂಟೆ. ಅದೇ 2,000 ರೂಪಾಯಿ ಗಂಟೆಗೆ 40 ರೂಪಾಯಿಯ ಹೊರೆಯಾಗುತ್ತದೆ. ಮೊದಲನೆಯವರಿಗೆ ಅಗ್ಗದ ಯಂತ್ರ ದುಬಾರಿ, ಎರಡನೆಯವರಿಗೆ ದುಬಾರಿ ಯಂತ್ರ ದುಂದು.

ಇದಕ್ಕೆ ಕೆಲಸ ನಿಂತ ದಿನದ ನಷ್ಟವನ್ನು ಸೇರಿಸಬೇಕು. ದಿನಕ್ಕೆ 800 ರೂಪಾಯಿ ಕೂಲಿಯ ಇಬ್ಬರು ಕೆಲಸಗಾರರು ಯಂತ್ರ ಕೆಟ್ಟು ಒಂದು ದಿನ ಕೈಕಟ್ಟಿ ಕುಳಿತರೆ 1,600 ರೂಪಾಯಿ ಹೋಯಿತು. ಬಳ್ಳಾರಿಗೆ ಹೋಗಿಬರುವ ಖರ್ಚು, ದುರಸ್ತಿಯ ಖರ್ಚು ಬೇರೆ. ಉಳಿಸಿದ ಹಣ ಒಂದೇ ದಿನದಲ್ಲಿ ಮರಳಿ ಹೋದಂತಾಯಿತು. ಭತ್ತದ ಕೊಯ್ಲಿನ ಕಾಲದಲ್ಲಿ ಟ್ರೇಲರಿನ ದುರಸ್ತಿಯೋ ಗಿರಣಿಯ ಎಲಿವೇಟರಿನ ದುರಸ್ತಿಯೋ ಒಂದು ದಿನ ತಡವಾದರೆ ಆಗುವ ನಷ್ಟ ಕೂಲಿಯ ಲೆಕ್ಕವನ್ನೂ ಮೀರುತ್ತದೆ. ಗಿರಾಕಿ ಮುಂದಿನ ಬಾರಿ ಬೇರೆ ಶಾಪ್ ನೋಡಿಕೊಳ್ಳುತ್ತಾನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್‌ನ ಸರಪಳಿ ತುಂಡಾಗಿ ಗೇಟ್ ಕೊಚ್ಚಿಹೋದದ್ದನ್ನು ಈ ಭಾಗದ ಜನ ಮರೆತಿಲ್ಲ. ಒಂದು ವಾರದೊಳಗೆ ಸ್ಟಾಪ್‌ಲಾಗ್‌ಗಳನ್ನು ತಯಾರಿಸಿ ಇಳಿಸುವವರೆಗೆ ಕಾಲುವೆ ನೀರನ್ನು ನಂಬಿದ ಊರುಗಳೆಲ್ಲ ಆತಂಕದಲ್ಲಿದ್ದವು. ಒಂದು ಬಿಡಿಭಾಗದ ಮೌಲ್ಯವೆಂದರೆ ಅದರ ಖರೀದಿ ಬೆಲೆಯಲ್ಲ, ಅದು ಕೈಕೊಟ್ಟಾಗ ಏನೇನು ನಿಲ್ಲುತ್ತದೆ ಎಂಬುದು. ಸಣ್ಣ ಶಾಪ್‌ನ ಗ್ರೈಂಡರಿಗೂ ಇದೇ ಮಾತು ಅದರ ಪ್ರಮಾಣದಲ್ಲಿ ಸಲ್ಲುತ್ತದೆ.

ವಿದ್ಯುತ್ತಿನ ದೋಷ, ಯಂತ್ರದ ಮೇಲೆ ಅಪವಾದ

ಯಂತ್ರ ಸುಟ್ಟಾಗಲೆಲ್ಲ ಕಂಪನಿಯನ್ನು ದೂರುವ ಮೊದಲು ಎಕ್ಸ್‌ಟೆನ್ಷನ್ ವೈರನ್ನು ಪರೀಕ್ಷಿಸುವುದು ಒಳಿತು. 30 ಮೀಟರ್ ಉದ್ದದ, 1 ಚದರ ಮಿ.ಮೀ. ತಾಮ್ರದ ವೈರಿನ ಮೂಲಕ 10 ಆಂಪಿಯರ್ ಎಳೆಯುವ 14 ಇಂಚಿನ ಕಟಿಂಗ್ ಮಷಿನ್ ಓಡಿಸಿದರೆ ವೈರಿನಲ್ಲಿಯೇ ಸುಮಾರು 10 ವೋಲ್ಟ್ ಕಳೆದುಹೋಗುತ್ತದೆ. 2.5 ಚದರ ಮಿ.ಮೀ. ವೈರಿನಲ್ಲಿ ಆ ನಷ್ಟ ನಾಲ್ಕು ವೋಲ್ಟಿನ ಆಸುಪಾಸು. ಮೊದಲೇ ವೋಲ್ಟೇಜ್ ಕುಸಿದಿರುವ ಹೊತ್ತಿನಲ್ಲಿ ಇದು ಸೇರಿದರೆ ಯಂತ್ರದ ವೇಗ ತಗ್ಗುತ್ತದೆ, ಅದರೊಳಗಿನ ತಂಪು ಮಾಡುವ ಫ್ಯಾನ್ ಕೂಡ ನಿಧಾನವಾಗುತ್ತದೆ, ಕೆಲಸಗಾರ ಇನ್ನಷ್ಟು ಒತ್ತುತ್ತಾನೆ, ಸುರುಳಿ ಬೇಯುತ್ತದೆ. ಇಂಥ ವೈರಿನಲ್ಲಿ ಹೆಸರಾಂತ ಯಂತ್ರವೂ ಬಹುಕಾಲ ಬಾಳದು. ಸವೆದ ಕಾರ್ಬನ್ ಬ್ರಷ್‌ಗಳನ್ನು ಸಕಾಲಕ್ಕೆ ಬದಲಿಸದೆ ಆರ್ಮೇಚರನ್ನೇ ಹಾಳುಮಾಡಿಕೊಳ್ಳುವುದೂ ಇಷ್ಟೇ ಸಾಮಾನ್ಯ. ಅಲ್ಪ ಬೆಲೆಯ ಬ್ರಷ್ ಜೋಡಿಯೊಂದು ದೊಡ್ಡ ದುರಸ್ತಿಯನ್ನು ತಪ್ಪಿಸುತ್ತದೆ.

ಎಲ್ಲಿ ಉಳಿಸಬಾರದು

ಯಂತ್ರದಲ್ಲಿ ಉಳಿತಾಯ ಮಾಡಿದರೂ ಡಿಸ್ಕ್, ರಕ್ಷಣಾ ಕವಚ ಮತ್ತು ವಿದ್ಯುತ್ ಸುರಕ್ಷತೆಯಲ್ಲಿ ಮಾಡಬಾರದು. ಸೆಕೆಂಡಿಗೆ 80 ಮೀಟರ್ ವೇಗಕ್ಕೆ ತಯಾರಾದ 4 ಇಂಚಿನ ಡಿಸ್ಕ್ ನಿಮಿಷಕ್ಕೆ ಸುಮಾರು 15,000 ಸುತ್ತನ್ನು ತಾಳಬಲ್ಲದು. ಅದೇ ವೇಗದ 7 ಇಂಚಿನದರ ಮಿತಿ ಸುಮಾರು 8,500 ಸುತ್ತು. ಕವಚ ಕಳಚಿ, 11,000 ಸುತ್ತಿನ ಸಣ್ಣ ಗ್ರೈಂಡರಿಗೆ ದೊಡ್ಡ ಡಿಸ್ಕ್ ಹಾಕುವ ಪದ್ಧತಿ ಜೀವಕ್ಕೇ ಸಂಚಕಾರ. ಡಿಸ್ಕಿನ ಮೇಲೆ ವೇಗದ ಮಿತಿಯನ್ನೇ ಮುದ್ರಿಸದ ಸರಕನ್ನು ವರ್ತಕರು ಅಂಗಡಿಗೆ ತರಿಸಲೇಬಾರದು. ಶಾಪ್‌ನ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಅಳವಡಿಸುವ ಖರ್ಚು ಒಂದು ಉಪಕರಣದ ಬೆಲೆಗಿಂತ ಹೆಚ್ಚೇನಲ್ಲ.

ಬಿಲ್ ಇಲ್ಲದೆ ಕೊಳ್ಳುವುದು ಇನ್ನೊಂದು ಹುಸಿ ಉಳಿತಾಯ. ಪವರ್ ಟೂಲ್‌ಗಳ ಮೇಲಿನ ಜಿಎಸ್‌ಟಿ ಶೇ. 18. ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದ ಉದ್ದಿಮೆದಾರರಿಗೆ ಇದು ಹೂಡುವಳಿ ತೆರಿಗೆಯಾಗಿ ಮರಳಿ ದೊರೆಯುತ್ತದೆ. ಕಾಂಪೋಸಿಷನ್ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ. ಆದರೆ ಬಿಲ್ ಇಲ್ಲದಿದ್ದರೆ ಖಾತರಿಯ ಅವಧಿಯಲ್ಲಿ ದುರಸ್ತಿಯನ್ನು ಕೇಳುವುದು ಇಬ್ಬರಿಗೂ ಕಷ್ಟ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಂತೆ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರೆನಿಸುವುದಿಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿಯೇ ಕೊಂಡವರಿಗೆ ಮಾತ್ರ ಆ ರಕ್ಷಣೆ ಇದೆ. ಅವರಿಗೂ ಬಿಲ್ಲೇ ಆಧಾರ.

ಆಗಬೇಕಾದದ್ದು

ನಿತ್ಯ ದುಡಿಯುವ ಗ್ರೈಂಡರ್, ಕಟಿಂಗ್ ಮಷಿನ್, ಬಟ್ಟೆ ಕತ್ತರಿಸುವ ಯಂತ್ರಗಳಿಗೆ ವೃತ್ತಿಪರ ದರ್ಜೆಯನ್ನೂ, ಅಪರೂಪಕ್ಕೆ ಬಳಸುವ ಡ್ರಿಲ್, ಬ್ಲೋವರ್‌ನಂಥವುಗಳಿಗೆ ಕಡಿಮೆ ಬೆಲೆಯದನ್ನೂ ಆರಿಸುವುದು ಲೆಕ್ಕಕ್ಕೆ ಸರಿಹೊಂದುವ ಕ್ರಮ. ಆದರೆ ಎರಡಕ್ಕೂ ಒಂದು ಷರತ್ತಿದೆ: ಆರ್ಮೇಚರ್, ಬ್ರಷ್, ಸ್ವಿಚ್, ಗೇರ್‌ಗಳು ಬಳ್ಳಾರಿಯಲ್ಲಿ ಅದೇ ದಿನ ಸಿಗುವಂತಿರಬೇಕು. ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯಿಸುವ ಪ್ರಸಿದ್ಧ ಯಂತ್ರಕ್ಕಿಂತ, ಸಂಜೆಯೊಳಗೆ ದುರಸ್ತಿಯಾಗುವ ಸಾಧಾರಣ ಯಂತ್ರ ಕುರುಗೋಡಿನಂಥ ಊರಿಗೆ ಹೆಚ್ಚು ಉಪಯುಕ್ತ. ಕೊಳ್ಳುವ ಮೊದಲು ಬೆಲೆಯ ಜೊತೆಗೆ ಆರ್ಮೇಚರ್ ಎಲ್ಲಿ ಸಿಗುತ್ತದೆ, ಎಷ್ಟಕ್ಕೆ ಸಿಗುತ್ತದೆ ಎಂದು ಕೇಳುವ ರೂಢಿ ಬೆಳೆಯಬೇಕು. ಉತ್ತರ ಹೇಳಲಾಗದ ಯಂತ್ರವನ್ನು ಬಿಟ್ಟುಬಿಡುವುದೇ ಲೇಸು.

ವರ್ತಕರ ಹೊಣೆಯೂ ಇಲ್ಲಿದೆ. ಗಿರಾಕಿಯ ಕೆಲಸವೇನೆಂದು ಕೇಳದೆ ಲಾಭ ಹೆಚ್ಚಿರುವ ಸರಕನ್ನು ದಾಟಿಸುವುದರಿಂದ ಒಂದು ಮಾರಾಟ ಕೈಸೇರಬಹುದು, ಗಿರಾಕಿ ಕೈತಪ್ಪುತ್ತಾನೆ. ತಾವು ಮಾರುವ ಪ್ರತಿಯೊಂದು ಮಾದರಿಗೂ ಎರಡು ಜೊತೆ ಬ್ರಷ್, ಒಂದು ಆರ್ಮೇಚರ್, ಒಂದು ಸ್ವಿಚ್ ದಾಸ್ತಾನು ಇಡುವ ಅಂಗಡಿಗೆ ಸುತ್ತಲಿನ ಹಳ್ಳಿಗಳ ವ್ಯವಹಾರ ತಾನಾಗಿಯೇ ಬರುತ್ತದೆ. ಉದ್ದಿಮೆದಾರರು ತಮ್ಮ ಮಟ್ಟಿಗೆ ಒಂದು ಪುಸ್ತಕದಲ್ಲಿ ಪ್ರತಿ ಯಂತ್ರದ ಖರೀದಿ ದಿನಾಂಕ, ದುರಸ್ತಿಯ ಖರ್ಚು, ಕೆಲಸ ನಿಂತ ದಿನಗಳನ್ನು ಬರೆದಿಡಬೇಕು. ಹತ್ತಿಪ್ಪತ್ತು ಶಾಪ್‌ಗಳ ಇಂಥ ಪುಸ್ತಕಗಳನ್ನು ವರ್ಷಾಂತ್ಯಕ್ಕೆ ಒಂದೆಡೆ ಸೇರಿಸಿ ನೋಡುವ ಕೆಲಸವನ್ನು ವಾಣಿಜ್ಯೋದ್ಯಮ ಸಂಸ್ಥೆಯೇ ಕೈಗೆತ್ತಿಕೊಂಡರೆ, ಯಾವ ಯಂತ್ರ ಈ ನೆಲದ ಬಿಸಿಲು, ಧೂಳು, ವೋಲ್ಟೇಜುಗಳಿಗೆ ಎಷ್ಟು ದಿನ ತಾಳುತ್ತದೆ ಎಂಬ ಮಾಹಿತಿ ಸದಸ್ಯರ ಕೈಸೇರುತ್ತದೆ. ಯಾವ ಕಂಪನಿಯ ಜಾಹೀರಾತಿನಲ್ಲೂ ಸಿಗದ ಈ ಲೆಕ್ಕವನ್ನು ಬರುವ ಆರ್ಥಿಕ ವರ್ಷದ ಆರಂಭದಿಂದಲೇ ಬರೆದಿಡಲು ತೊಡಗುವುದು ಸೂಕ್ತ.