ಬೆರಳು ಮಡಚದ ಕೈ

ಜೀವಕೋಶ ಎರಡಾಗುವ ಮುನ್ನ ಡಿಎನ್‌ಎಯ ನಕಲು ತಯಾರಾಗಬೇಕು. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಈ ಬರಹವನ್ನು ನಕಲಿಸುವುದು ಡಿಎನ್‌ಎ ಪಾಲಿಮರೇಸ್ ಎಂಬ ಕಿಣ್ವ. 1956ರಲ್ಲಿ ಆರ್ಥರ್ ಕಾರ್ನ್‌ಬರ್ಗ್ ಇದನ್ನು ಬ್ಯಾಕ್ಟೀರಿಯಾದಲ್ಲಿ ಪತ್ತೆ ಹಚ್ಚಿದರು. ಇದರ ಆಕಾರ ಬಲಗೈಯಂತೆ: ಅಂಗೈ, ಬೆರಳು, ಹೆಬ್ಬೆರಳು.

ಎ ಎದುರು ಟಿ, ಜಿ ಎದುರು ಸಿ ಬಂದರೆ ಬೆರಳುಗಳು ಮಡಚಿಕೊಂಡು ಜೋಡಣೆ ನಡೆಯುತ್ತದೆ. ತಪ್ಪು ಅಕ್ಷರ ಬಂದರೆ ಪೂರ್ತಿ ಮಡಚವು. ಹಾಗೂ ಸುಮಾರು ಲಕ್ಷಕ್ಕೊಂದು ತಪ್ಪು ನುಸುಳುತ್ತದೆ. ಆಗ ಹೊಸ ಎಳೆಯ ತುದಿ ಬಿಚ್ಚಿಕೊಂಡು, ಕಿಣ್ವದಲ್ಲೇ ಇರುವ ‘ಕತ್ತರಿ’ಯತ್ತ ವಾಲುತ್ತದೆ; ತಪ್ಪಕ್ಷರ ಉದುರುತ್ತದೆ.

ಈ ಕತ್ತರಿಯೇ ಹುಟ್ಟಿನಿಂದ ಕೆಟ್ಟಿದ್ದರೆ? ಅಂಥವರಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಅಪಾಯ ಹೆಚ್ಚೆಂದು 2013ರಲ್ಲಿ ತಿಳಿದುಬಂತು.

ವಿದ್ಯಾರ್ಥಿಗಳೇ, ಉತ್ತರಪತ್ರಿಕೆ ಕೊಡುವ ಮುನ್ನ ಒಮ್ಮೆ ತಿರುಗಿ ಓದಿ. ನಿಮ್ಮ ಜೀವಕೋಶಗಳು ಓದುತ್ತಲೇ ಇವೆ.